ಆಲಮಟ್ಟಿ ಹಿನ್ನೀರಿನ ಜೀವಲೋಕ

ಬಾದಾಮಿಗೆ ಹೋದವರು ಮೇಣಬಸದಿಗಳನ್ನು ನೋಡಿ ಕೆಳಗಿಳಿದು ಅಗಸ್ತ್ಯ ತೀರ್ಥದ ದಂಡೆಗೆ ಬರುವುದು ವಾಡಿಕೆ. ಕೆಂಪು ಮರಳುಗಲ್ಲಿನ ಬೆಟ್ಟಗಳ ನಡುವೆ ಹಸಿರು ನೀರು, ಆಚೆ ದಡದಲ್ಲಿ ಭೂತನಾಥ ದೇವಾಲಯ, ಈಚೆ ಬಟ್ಟೆ ಒಗೆಯುವವರು. ಅಲ್ಲಿ ಅರ್ಧ ಗಂಟೆ ಕುಳಿತು ಹಕ್ಕಿಗಳನ್ನು ಎಣಿಸಿ ನೋಡಿ. ಒಂದು ಮಿಂಚುಳ್ಳಿ, ಒಂದೆರಡು ಬೆಳ್ಳಕ್ಕಿ, ನಡುನೀರಿನಲ್ಲಿ ಮುಳುಗೇಳುವ ಗುಳುಮುಳುಕ ಕಂಡರೆ ಹೆಚ್ಚು. ನೀರಿಗೆ ಕೊರತೆ ಇಲ್ಲ. ಆದರೂ ನೀರುಹಕ್ಕಿಗಳ ಹಿಂಡು ಇಲ್ಲಿಗೆ ಬರುವುದಿಲ್ಲ.

ಅಲ್ಲಿಂದ ಬಾಗಲಕೋಟೆಗೆ ಬಂದು, ಬೀಳಗಿ ಕಡೆಯ ದಾರಿ ಹಿಡಿದು ಅನಗವಾಡಿ ಸೇತುವೆಯ ಬಳಿ ಇಳಿಯಿರಿ. ಫೆಬ್ರುವರಿಯ ಬೆಳಗು ಒಳ್ಳೆಯದು. ಘಟಪ್ರಭೆಯ ಹಿನ್ನೀರು ಎರಡೂ ಕಡೆ ಹರಡಿಕೊಂಡಿರುತ್ತದೆ. ದಡದ ಕೆಸರಿನಲ್ಲಿ ಓಡಾಡುವ ಗೊರವಗಳು, ತೇಲುವ ಬಾತುಗಳ ಸಾಲು, ದೂರದಲ್ಲಿ ಬಿಳಿಯ ಗೆರೆಯಂತೆ ಕಾಣುವ ರಾಜಹಂಸಗಳು. ಬೆರಳಲ್ಲಿ ಎಣಿಸುವ ಮಾತೇ ಇಲ್ಲ.

ಎರಡೂ ಕಡೆ ಇರುವುದು ಸಿಹಿನೀರು. ಎರಡನ್ನೂ ಕಟ್ಟಿದವರು ಮನುಷ್ಯರೇ. ಹಾಗಿದ್ದೂ ಈ ವ್ಯತ್ಯಾಸವೇಕೆ? ಹಿನ್ನೀರು ದೊಡ್ಡದು, ಕೆರೆ ಚಿಕ್ಕದು ಎಂಬುದು ಅರ್ಧ ಉತ್ತರ ಮಾತ್ರ. ಉಳಿದ ಅರ್ಧ ನೀರಿನ ಅಂಚಿನಲ್ಲಿದೆ. ಅಗಸ್ತ್ಯ ತೀರ್ಥದ ಅಂಚು ಕಲ್ಲಿನ ಮೆಟ್ಟಿಲು ಮತ್ತು ಬಂಡೆ. ಎರಡು ಹೆಜ್ಜೆ ಇಟ್ಟರೆ ಆಳ. ಹಿನ್ನೀರಿನ ಅಂಚು ಮೆಲ್ಲಗೆ ಇಳಿಯುವ ಎರೆಭೂಮಿ. ಅದೂ ನಿಂತಲ್ಲಿ ನಿಲ್ಲದ ಅಂಚು. ವರ್ಷವಿಡೀ ಮುಂದೆ ಹಿಂದೆ ಚಲಿಸುತ್ತಿರುತ್ತದೆ. ಈ ಚಲನೆಯೇ ಇಲ್ಲಿನ ಜೀವಲೋಕದ ಆಧಾರ.

ಮುಳುಗಡೆಯಿಂದ ಹುಟ್ಟಿದ ಸರೋವರ

ಕೃಷ್ಣಾ ನದಿಗೆ ಅಡ್ಡಲಾಗಿ ಆಲಮಟ್ಟಿಯಲ್ಲಿ ಅಣೆಕಟ್ಟೆ ಕಟ್ಟಲು 1964ರಲ್ಲಿ ಲಾಲ್ ಬಹದ್ದೂರ್ ಶಾಸ್ತ್ರಿಯವರು ಅಡಿಗಲ್ಲು ಇಟ್ಟರು. ಕಾಮಗಾರಿ ಮುಗಿದದ್ದು ನಾಲ್ಕು ದಶಕಗಳ ನಂತರ, 2005ರಲ್ಲಿ. ಮರುವರ್ಷ ಅಂದಿನ ರಾಷ್ಟ್ರಪತಿ ಎ.ಪಿ.ಜೆ. ಅಬ್ದುಲ್ ಕಲಾಂ ಅದನ್ನು ನಾಡಿಗೆ ಅರ್ಪಿಸಿದರು. ಜಲಾಶಯಕ್ಕೆ ಶಾಸ್ತ್ರಿಯವರ ಹೆಸರನ್ನೇ ಇಡಲಾಗಿದೆ.

ಸಮುದ್ರಮಟ್ಟದಿಂದ 519.60 ಮೀಟರ್ ಎತ್ತರಕ್ಕೆ ನೀರು ನಿಂತಾಗ ಜಲಾಶಯದ ಸಂಗ್ರಹ ಸುಮಾರು 123 ಟಿಎಂಸಿ. ಒಂದು ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ. ಮೀಟರ್ ಲೆಕ್ಕದಲ್ಲಿ ಇದು ಒಟ್ಟು 348 ಕೋಟಿ ಘನ ಮೀಟರ್ ಆಗುತ್ತದೆ. ಕೃಷ್ಣರಾಜಸಾಗರದ ಸಾಮರ್ಥ್ಯ 49 ಟಿಎಂಸಿಯಷ್ಟು. ಅಂಥ ಎರಡೂವರೆ ಜಲಾಶಯಗಳ ನೀರು ಇಲ್ಲಿ ಹಿಡಿಸುತ್ತದೆ. ನೀರು ಕೃಷ್ಣೆಯ ಪಾತ್ರದಲ್ಲಿ ಮಾತ್ರ ಹಿಂದೆ ಸರಿಯುವುದಿಲ್ಲ. ಬೀಳಗಿ ತಾಲ್ಲೂಕಿನ ಚಿಕ್ಕಸಂಗಮದಲ್ಲಿ ಘಟಪ್ರಭೆ ಬಂದು ಕೃಷ್ಣೆಯನ್ನು ಕೂಡುತ್ತದೆ. ಅಲ್ಲಿಂದ ಘಟಪ್ರಭೆಯ ಕಣಿವೆಯೊಳಗೂ ಹಿನ್ನೀರು ಚಾಚಿಕೊಂಡು ಬಾಗಲಕೋಟೆಯನ್ನು ಮುಟ್ಟುತ್ತದೆ. ಬಾದಾಮಿ, ಪಟ್ಟದಕಲ್ಲು, ಐಹೊಳೆಗಳ ಮಗ್ಗುಲಲ್ಲಿ ಹರಿಯುವ ಮಲಪ್ರಭೆಯಾದರೋ ಅಣೆಕಟ್ಟೆಯ ಕೆಳಗೆ, ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುತ್ತದೆ. ಅಲ್ಲಿ ನಿಲ್ಲುವುದು ನಾರಾಯಣಪುರದ ಬಸವಸಾಗರದ ಹಿನ್ನೀರು. ಹೀಗೆ ಈ ಒಂದೇ ಜಿಲ್ಲೆಯ ಮೂರು ನದಿಗಳ ಕೊನೆಯ ಹರಿವು ಇಂದು ನಿಂತ ನೀರಾಗಿದೆ.

ಈ ಸರೋವರದ ಬಗ್ಗೆ ಬರೆಯುವಾಗ ಮರೆಯಬಾರದ ಮಾತೊಂದಿದೆ. ಇದರ ತಳದಲ್ಲಿ ಊರುಗಳಿವೆ. ಹೊಳೆಸಾಲಿನ ಹಳ್ಳಿಗಳ ಮನೆ, ಹೊಲ, ಗುಡಿಗಳ ಜೊತೆಗೆ ಹಳೆ ಬಾಗಲಕೋಟೆಯ ಒಂದು ಭಾಗವೂ ಮುಳುಗಿತು. ನವನಗರ ಹುಟ್ಟಿದ್ದು ಹಾಗೆ. ‘ಮುಳುಗಡೆ’ ಎಂಬುದು ಈ ಭಾಗದ ಜನರಿಗೆ ನಿಘಂಟಿನ ಪದವಲ್ಲ. ಬದುಕಿನ ಒಂದು ಕಾಲಘಟ್ಟದ ಹೆಸರು. ಹಕ್ಕಿಗಳಿಗೆ ಸಿಕ್ಕ ಅಂಚು ಒಂದು ಕಾಲಕ್ಕೆ ಯಾರದೋ ಹೊಲದ ಬದುವಾಗಿತ್ತು.

ಒಂದು ಮೀಟರ್ ನೀರು ಇಳಿದರೆ

ಜೂನ್‌ನಿಂದ ಮಹಾಬಳೇಶ್ವರದ ಕಡೆ ಮಳೆ ಹಿಡಿದರೆ ಕೃಷ್ಣೆಗೆ ನೀರು ಬರುತ್ತದೆ. ಜುಲೈ, ಆಗಸ್ಟ್ ಹೊತ್ತಿಗೆ ಜಲಾಶಯ ತುಂಬುತ್ತದೆ. ಮಳೆ ನಿಂತ ಮೇಲೆ ಕಾಲುವೆಗಳಿಗೆ, ವಿದ್ಯುತ್ತಿಗೆ, ಕುಡಿಯಲು ನೀರು ಬಿಡುತ್ತಾ ಹೋದಂತೆ ಮಟ್ಟ ಇಳಿಯುತ್ತದೆ. ಬೇಸಿಗೆಯ ಕೊನೆಗೆ ತೀರ ಕೆಳಕ್ಕೆ ಬರುತ್ತದೆ. ಮಳೆಗಾಲದಲ್ಲಿ ನೀರೊಳಗೆ ಮರೆಯಾಗುವ ಚಿಕ್ಕಸಂಗಮದ ಸಂಗಮೇಶ್ವರ ಗುಡಿ ಮತ್ತೆ ಕಾಣಿಸಿಕೊಳ್ಳುವುದು ಹೀಗೆ ನೀರು ಇಳಿದಾಗಲೇ.

ಇಳಿಯುವ ನೀರಿನ ಪರಿಣಾಮ ದಡದ ಇಳಿಜಾರನ್ನು ಅವಲಂಬಿಸಿದೆ. ಒಂದು ಸರಳ ಲೆಕ್ಕ ಮಾಡೋಣ. ದಡದ ಇಳಿಜಾರು 200ಕ್ಕೆ 1 ಎಂದುಕೊಳ್ಳಿ. ಅಂದರೆ 200 ಮೀಟರ್ ನಡೆದರೆ ನೆಲ 1 ಮೀಟರ್ ತಗ್ಗುತ್ತದೆ. ಬರಿಗಣ್ಣಿಗೆ ಇದು ಸಪಾಟು ಹೊಲವೇ. ಇಂಥ ಕಡೆ ನೀರಿನ ಮಟ್ಟ ಒಂದು ಮೀಟರ್ ಇಳಿದರೆ 200 ಮೀಟರ್ ಅಗಲದ ನೆಲ ಹೊರಬರುತ್ತದೆ. ದಡದುದ್ದಕ್ಕೆ ಒಂದು ಕಿಲೊಮೀಟರ್ ದೂರ ಇದೇ ಇಳಿಜಾರು ಇದ್ದರೆ ಹೊಸದಾಗಿ ಸಿಕ್ಕ ಕೆಸರುಬಯಲು 20 ಹೆಕ್ಟೇರ್, ಅಂದರೆ ಸುಮಾರು 50 ಎಕರೆ! ಅಗಸ್ತ್ಯ ತೀರ್ಥದಂಥ ಕಡಿದಾದ ದಂಡೆಯಲ್ಲಿ ಅದೇ ಒಂದು ಮೀಟರ್ ಇಳಿದರೆ ಮೂರೋ ನಾಲ್ಕೋ ಮೆಟ್ಟಿಲು ಕಾಣಿಸುತ್ತವೆ, ಅಷ್ಟೆ.

ಹೊರಬಂದ ಕೆಸರು ಸುಮ್ಮನೆ ಬಿದ್ದಿರುವುದಿಲ್ಲ. ತಿಂಗಳುಗಟ್ಟಲೆ ನೀರಡಿ ಇದ್ದ ಮಣ್ಣಿನಲ್ಲಿ ಆಕ್ಸಿಜನ್ ಬಹಳ ಕಡಿಮೆ. ಅಲ್ಲಿ ಬಿದ್ದ ಎಲೆ, ಕಸ, ಸತ್ತ ಜೀವಿಗಳು ಪೂರ್ತಿ ಕೊಳೆಯದೆ ಉಳಿದಿರುತ್ತವೆ. ಕೆಸರು ಒಣಗಿ ಬಿರಿದಾಗ ಗಾಳಿ ಒಳಹೊಕ್ಕು ಸೂಕ್ಷ್ಮಜೀವಿಗಳ ಕೆಲಸ ಚುರುಕಾಗುತ್ತದೆ. ಸಾರಜನಕ, ರಂಜಕಗಳು ಬಿಡುಗಡೆಯಾಗುತ್ತವೆ. ಹುಲ್ಲು ಚಿಗುರುತ್ತದೆ, ದನಕುರಿಗಳು ಮೇಯುತ್ತವೆ, ಸಗಣಿ ಬೀಳುತ್ತದೆ. ಮುಂದಿನ ಮುಂಗಾರಿನಲ್ಲಿ ನೀರು ಮತ್ತೆ ಏರಿ ಈ ಹುಲ್ಲನ್ನು ಮುಳುಗಿಸಿದಾಗ ಆಹಾರದ ಉಗ್ರಾಣವೇ ತೆರೆದಂತಾಗುತ್ತದೆ. ಕೊಳೆಯುವ ಹುಲ್ಲಿನ ಮೇಲೆ ಬ್ಯಾಕ್ಟೀರಿಯ, ಅವನ್ನು ತಿನ್ನುವ ಸೂಕ್ಷ್ಮಪ್ರಾಣಿಗಳು, ಅವುಗಳನ್ನು ತಿನ್ನುವ ಮೀನುಮರಿಗಳು. ಸರಪಳಿ ಹೀಗೆ ಬೆಳೆಯುತ್ತದೆ. ಸದಾ ಒಂದೇ ಮಟ್ಟದಲ್ಲಿ ತುಂಬಿ ನಿಂತ ಕೊಳದಲ್ಲಿ ಈ ವಾರ್ಷಿಕ ಗೊಬ್ಬರದ ಪೂರೈಕೆ ಇರುವುದಿಲ್ಲ. ಮಳೆಗಾಲದಲ್ಲಿ ಬಯಲಿಗೆ ನುಗ್ಗಿ ಬೇಸಿಗೆಯಲ್ಲಿ ಹಿಂದೆ ಸರಿಯುವ ನದಿ ಮಾಡುತ್ತಿದ್ದ ಕೆಲಸವನ್ನೇ ಜಲಾಶಯದ ಏರಿಳಿತ ಬೇರೆ ರೀತಿಯಲ್ಲಿ ಮಾಡುತ್ತಿದೆ.

ಒಂದೇ ಕೆಸರು, ಹಲವು ಕೊಕ್ಕು

ಅಂಚಿನಲ್ಲಿ ನಿಂತು ಹಕ್ಕಿಗಳನ್ನು ಗಮನಿಸಿದರೆ ಅವು ಗುಂಪುಗುಂಪಾಗಿ, ಗೆರೆ ಎಳೆದ ಹಾಗೆ ಹಂಚಿಕೊಂಡಿರುವುದು ಕಾಣುತ್ತದೆ. ಈ ಗೆರೆಗಳನ್ನು ಎಳೆಯುವುದು ಕಾಲಿನ ಉದ್ದ, ಕೊಕ್ಕಿನ ಆಕಾರ ಮತ್ತು ನೀರಿನ ಆಳ.

ಒಣಗುತ್ತಿರುವ ಕೆಸರಿನ ಮೇಲೆ ಕುಂಡೆಕುಸ್ಕಗಳು ಬಾಲ ಕುಣಿಸುತ್ತಾ ಕೀಟ ಹಿಡಿಯುತ್ತವೆ. ಹಸಿ ಕೆಸರಿನಲ್ಲಿ, ಬೆರಳುದ್ದದ ನೀರಿನಲ್ಲಿ ಗದ್ದೆಗೊರವಗಳು ಕೊಕ್ಕು ಚುಚ್ಚುತ್ತಾ ಹುಳುಗಳನ್ನು ಹುಡುಕುತ್ತವೆ. ಅವುಗಳಿಗಿಂತ ತುಸು ಮುಂದೆ, ಗೇಣು ನೀರಿನಲ್ಲಿ ಮೆಟ್ಟುಗಾಲು ಹಕ್ಕಿಗಳು. ತೆಳ್ಳಗಿನ ಕೆಂಪು ಕಾಲುಗಳ ಈ ಹಕ್ಕಿ ನೀರಿನ ಮೇಲ್ಪದರದಿಂದಲೇ ಆಹಾರ ಹೆಕ್ಕುತ್ತದೆ. ಅದೇ ಆಳದಲ್ಲಿ ಸೂಜಿಬಾಲದ ಬಾತು ತಲೆ ಕೆಳಗೆ ಮಾಡಿ, ಬಾಲ ಮೇಲಕ್ಕೆತ್ತಿ ತಳದ ಬೀಜ, ಗೆಡ್ಡೆಗಳನ್ನು ತಿನ್ನುತ್ತದೆ. ಸಲಿಕೆಯಂಥ ಕೊಕ್ಕಿನ ಚಲುಕದ ಬಾತು ನೀರನ್ನು ಸೋಸುತ್ತದೆ. ಈ ಬಗೆಯ ಬಾತುಗಳು ಪೂರ್ತಿ ಮುಳುಗುವುದಿಲ್ಲ. ಕತ್ತು ಎಟುಕುವಷ್ಟೇ ಅವುಗಳ ಊಟದ ಆಳ. ಮೊಣಕಾಲುದ್ದದ ನೀರಿನಲ್ಲಿ ಬಣ್ಣದ ಕೊಕ್ಕರೆ ಬಾಯಿ ಅರೆತೆರೆದು ಆಚೀಚೆ ಬೀಸುತ್ತಾ, ಕೊಕ್ಕಿಗೆ ತಾಗಿದ ಮೀನನ್ನು ಥಟ್ಟನೆ ಹಿಡಿಯುತ್ತದೆ. ಅದರಾಚೆ ಆಳದಲ್ಲಿ ನೀರುಕಾಗೆಗಳು ಮುಳುಗಿ ಬೇಟೆಯಾಡುತ್ತವೆ.

ಇಷ್ಟೆಲ್ಲ ಹಕ್ಕಿಗಳಿಗೆ ಬೇಕಾದ ಆಳ ಕೆಲವೇ ಅಂಗುಲಗಳಿಂದ ಮೊಣಕಾಲಿನವರೆಗೆ. ನೀರುಕಾಗೆಯಂಥ ಕೆಲವನ್ನು ಬಿಟ್ಟರೆ, ನೂರು ಟಿಎಂಸಿಗೂ ಮಿಕ್ಕಿದ ಆ ನೀರಿನ ಬಹುಭಾಗ ಇವುಗಳ ಊಟದ ತಟ್ಟೆಯೇ ಅಲ್ಲ. ಮಟ್ಟ ನಿಧಾನವಾಗಿ ಇಳಿದಂತೆ ಈ ತೆಳುನೀರಿನ ಪಟ್ಟಿ ದಿನದಿನಕ್ಕೂ ಹೊಸ ಜಾಗಕ್ಕೆ ಸರಿಯುತ್ತದೆ. ನಿನ್ನೆ ಎಟುಕದಿದ್ದ ಕೆಸರು ಇಂದು ಎಟುಕುತ್ತದೆ. ವಲಸೆ ಹಕ್ಕಿಗಳು ಇರುವ ನವೆಂಬರ್–ಮಾರ್ಚ್ ಅವಧಿಯೂ ನೀರು ಇಳಿಯುವ ಅವಧಿಯೂ ಒಂದಕ್ಕೊಂದು ಹೊಂದುವುದರಿಂದ ಊಟ ಬಹುಕಾಲ ಮುಗಿಯುವುದಿಲ್ಲ.

ಕೆಸರಿನ ಹುಳು, ಹಿಮಾಲಯದ ಹೆಬ್ಬಾತು

ಈ ಕೆಸರಿನಲ್ಲಿ ಸಿಗುವ ಮುಖ್ಯ ಆಹಾರಗಳಲ್ಲಿ ಒಂದು ಸಣ್ಣ ಕೆಂಪು ಹುಳು. ಕೈರೊನೊಮಿಡ್ ಎಂಬ, ಸೊಳ್ಳೆಯಂತೆ ಕಂಡರೂ ಕಚ್ಚದ ನೊಣಗಳ ಮರಿಹುಳು ಇದು. ಇದರ ಕೆಂಪು ಬಣ್ಣಕ್ಕೆ ಕಾರಣ ನಮ್ಮ ರಕ್ತದಲ್ಲೂ ಇರುವ ಹಿಮೊಗ್ಲೋಬಿನ್. ಕೀಟಗಳಲ್ಲಿ ಇದು ಅಪರೂಪ. ಆಕ್ಸಿಜನ್ ಕಡಿಮೆ ಇರುವ ಕೆಸರಿನಲ್ಲಿ ಸಿಕ್ಕಷ್ಟನ್ನೂ ಹಿಡಿದಿಟ್ಟುಕೊಳ್ಳಲು ಈ ಹುಳುವಿಗೆ ಹಿಮೊಗ್ಲೋಬಿನ್ ಬೇಕು.

ಇದೇ ವಸ್ತು ಇನ್ನೊಂದು ಅತಿರೇಕದ ಜಾಗದಲ್ಲೂ ನೆರವಿಗೆ ಬರುತ್ತದೆ. ಬಿಳಿ ತಲೆಯ ಮೇಲೆ ಎರಡು ಕಪ್ಪು ಗೀರುಗಳಿರುವ ಪಟ್ಟೆತಲೆಯ ಹೆಬ್ಬಾತು ಈ ಹಿನ್ನೀರಿನ ಚಳಿಗಾಲದ ಅತಿಥಿ. ಮಂಗೋಲಿಯ, ಟಿಬೆಟ್ ಪ್ರಸ್ಥಭೂಮಿ, ಲಡಾಖ್‌ಗಳ ಸರೋವರಗಳಲ್ಲಿ ಮರಿಮಾಡುವ ಈ ಹಕ್ಕಿ ಹಿಮಾಲಯವನ್ನು ದಾಟಿ ದಕ್ಷಿಣಕ್ಕೆ ಬರುತ್ತದೆ. ಉಪಗ್ರಹ ಸಾಧನಗಳನ್ನು ಕಟ್ಟಿ ಅಳೆದಾಗ ಇವು 7,290 ಮೀಟರ್ ಎತ್ತರದವರೆಗೂ ಹಾರಿದ್ದು ದಾಖಲಾಗಿದೆ. ಅಷ್ಟು ಎತ್ತರದಲ್ಲಿ ಪ್ರತಿ ಉಸಿರಿಗೆ ಸಿಗುವ ಆಕ್ಸಿಜನ್ ಸಮುದ್ರಮಟ್ಟದಲ್ಲಿ ಸಿಗುವುದರ ಅರ್ಧಕ್ಕಿಂತ ಕಡಿಮೆ. ಈ ಹೆಬ್ಬಾತಿನ ಹಿಮೊಗ್ಲೋಬಿನ್‌ನ ಸರಪಳಿಯಲ್ಲಿ ಒಂದು ಅಮೈನೊ ಆಮ್ಲ ಬದಲಾಗಿದೆ. ಅದರಿಂದಾಗಿ ಅದು ಆಕ್ಸಿಜನ್ನನ್ನು ತನ್ನ ಬಂಧುಗಳಾದ ಬೇರೆ ಹೆಬ್ಬಾತುಗಳ ಹಿಮೊಗ್ಲೋಬಿನ್‌ಗಿಂತ ಬಿಗಿಯಾಗಿ ಹಿಡಿಯಬಲ್ಲದು. ದೊಡ್ಡ ಶ್ವಾಸಕೋಶ, ಹಾರುವ ಸ್ನಾಯುಗಳಲ್ಲಿ ದಟ್ಟವಾದ ಲೋಮನಾಳಗಳೂ ಜೊತೆಗಿವೆ. ಗಾಳಿ ತಂಪಾಗಿ ಸಾಂದ್ರವಾಗಿರುವ ರಾತ್ರಿ, ಬೆಳಗಿನ ಜಾವಗಳಲ್ಲಿ ಕಣಿವೆಗಳನ್ನು ದಾಟುವ ಜಾಣತನವೂ ಇದೆ.

ಮಂಗೋಲಿಯದಲ್ಲಿ ಸಂಶೋಧಕರು ಕೊರಳಪಟ್ಟಿ ತೊಡಿಸಿದ ಹೆಬ್ಬಾತುಗಳು ಕರ್ನಾಟಕದ ಕೆರೆಗಳಲ್ಲಿ ಕಂಡುಬಂದಿವೆ. ಪಕ್ಕದ ಗದಗ ಜಿಲ್ಲೆಯ ಮಾಗಡಿ ಕೆರೆ ಇವುಗಳ ಹೆಸರಾಂತ ನೆಲೆ. ಹಗಲು ನೀರಿನಲ್ಲಿ ವಿಶ್ರಾಂತಿ, ಕತ್ತಲಾದ ಮೇಲೆ ಹೊಲಗಳಲ್ಲಿ ಊಟ ಎಂಬುದು ಅವುಗಳ ದಿನಚರಿ. ಹಿಂಗಾರಿ ಕಡಲೆ, ಶೇಂಗಾ, ಹುಲ್ಲಿನ ಚಿಗುರು ಎಲ್ಲವೂ ಆಗುತ್ತದೆ. ರೈತನಿಗೆ ಅದು ನಷ್ಟ ಎಂಬುದನ್ನು ಒಪ್ಪಬೇಕು. ಹಕ್ಕಿ ಮೇದ ಹೊಲಕ್ಕೆ ಹಿಕ್ಕೆಯ ಗೊಬ್ಬರ ಸಿಗುತ್ತದೆ ಎಂಬ ಸಮಾಧಾನ ಚಿಗುರು ಕಳೆದುಕೊಂಡವನ ಕೈ ತುಂಬಿಸುವುದಿಲ್ಲ.

ತಲೆಕೆಳಗಾಗಿ ಉಣ್ಣುವ ರಾಜಹಂಸ

ಹಿನ್ನೀರಿಗೆ ಜನರನ್ನು ಸೆಳೆಯುವ ಹಕ್ಕಿ ರಾಜಹಂಸ. ಫ್ಲೆಮಿಂಗೊ ಎಂದೂ ಪರಿಚಿತ. ಭಾರತದಲ್ಲಿ ಇದು ಗುಂಪಾಗಿ ಮರಿಮಾಡುವ ಪ್ರಸಿದ್ಧ ತಾಣ ಕಚ್ಛದ ರಣ. ಉಪ್ಪುನೀರಿನ ಹಕ್ಕಿ ಎಂದೇ ಹೆಸರಾದರೂ ಆಹಾರ ಹೇರಳವಾಗಿರುವ ತೆಳುವಾದ ಸಿಹಿನೀರಿಗೂ ಬರುತ್ತದೆ. ನೀರು ಸಾಕಷ್ಟು ಇಳಿದು ವಿಶಾಲ ಕೆಸರುನೀರು ಉಂಟಾದ ಮೇಲೆ, ಚಳಿಗಾಲದ ಕೊನೆಯಿಂದ ಬೇಸಿಗೆಯವರೆಗೆ ಇವು ಇಲ್ಲಿ ಕಾಣಸಿಗುತ್ತವೆ.

ಇದರ ಕೊಕ್ಕು ನಡುವೆ ಮುರಿದಂತೆ ಬಾಗಿದೆ. ತಲೆಯನ್ನು ಬಗ್ಗಿಸಿ ಮೇಲ್ಕೊಕ್ಕು ಕೆಳಗಾಗುವಂತೆ ನೀರಿನಲ್ಲಿ ಇಳಿಸುತ್ತದೆ. ನಾಲಗೆಯನ್ನು ಪಿಸ್ಟನ್ನಿನಂತೆ ಹಿಂದೆ ಮುಂದೆ ಆಡಿಸಿದಾಗ ಸೆಕೆಂಡಿಗೆ ಹಲವು ಸಲ ನೀರು ಒಳಬಂದು ಹೊರಹೋಗುತ್ತದೆ. ಕೊಕ್ಕಿನ ಅಂಚಿನ ಬಾಚಣಿಗೆಯಂಥ ರಚನೆಗಳು ನಾವು ಮೇಲೆ ಕಂಡ ಕೆಂಪು ಹುಳು, ಸಣ್ಣ ಸೀಗಡಿಜಾತಿಯ ಜೀವಿಗಳು, ಬೀಜಗಳನ್ನು ತಡೆಯುತ್ತವೆ. ಅದರ ಗುಲಾಬಿ ಬಣ್ಣವೂ ಊಟದಿಂದಲೇ ಬಂದದ್ದು. ಪಾಚಿ ಮತ್ತು ಪಾಚಿ ತಿಂದ ಜೀವಿಗಳಲ್ಲಿರುವ ಕೆರೊಟಿನಾಯ್ಡ್ ವರ್ಣಕಗಳು ಗರಿಗಳಲ್ಲಿ ಸೇರುತ್ತವೆ. ಮರಿಗಳು ಬೂದುಬಣ್ಣದವು, ವರ್ಷಗಳು ಕಳೆದಂತೆ ಬಣ್ಣ ಏರುತ್ತದೆ. ಹಿಂಡಿನಲ್ಲಿ ಬೂದು ಹಕ್ಕಿಗಳಿದ್ದರೆ ಅವು ಎಳೆಯವು ಎಂದು ಗುರುತಿಸಬಹುದು.

ನೀರೊಳಗೆ ಆದ ಬದಲಾವಣೆ

ಹಕ್ಕಿಗಳ ಲೆಕ್ಕ ಮಾತ್ರ ನೋಡಿದರೆ ಅಣೆಕಟ್ಟೆ ಲಾಭವೇ ತಂದಿತು ಎನಿಸೀತು. ನೀರೊಳಗಿನ ಲೆಕ್ಕ ಬೇರೆ. ಹರಿಯುವ ಹೊಳೆಗೆ ಒಗ್ಗಿದ ಮೀನುಗಳಿಗೆ ಕಲ್ಲು, ಮರಳು, ಹರಿವು ಬೇಕು. ಮೊಟ್ಟೆ ಇಡಲು ಹೊಳೆಯ ಮೇಲ್ಭಾಗಕ್ಕೆ ಈಜುವ ಜಾತಿಗಳಿಗೆ ಅಣೆಕಟ್ಟೆ ಗೋಡೆಯೇ ಸರಿ. ನಿಂತ ನೀರಿಗೆ ಒಗ್ಗುವ ಮೀನುಗಳು ಅವುಗಳ ಜಾಗ ಹಿಡಿಯುತ್ತವೆ. ಜಲಾಶಯಗಳಿಗೆ ಬಿಡುವ ಕಾಟ್ಲಾ, ರೋಹು, ಮೃಗಾಲ್‌ಗಳು ಮೂಲತಃ ಗಂಗಾ ಬಯಲಿನವು, ಕೃಷ್ಣೆಯ ಮೂಲನಿವಾಸಿಗಳಲ್ಲ. ಆಫ್ರಿಕದಿಂದ ಬಂದ ತಿಲಾಪಿಯ ನಮ್ಮ ಜಲಾಶಯಗಳಲ್ಲಿ ತಾನೇ ತಾನಾಗಿ ಹೆಚ್ಚಿಕೊಳ್ಳುತ್ತದೆ. ಹರಿಗೋಲಿನಲ್ಲಿ ಬಲೆ ಬೀಸುವವರಿಗೆ ಈ ಮೀನುಗಳೇ ಜೀವನಾಧಾರ ಎಂಬುದೂ ನಿಜ. ಆದರೆ ‘ಮೀನು ಬಹಳ ಇದೆ’ ಎಂಬುದಕ್ಕೂ ‘ಮೀನಿನ ಜಾತಿಗಳು ಬಹಳ ಇವೆ’ ಎಂಬುದಕ್ಕೂ ಅಂತರವಿದೆ. ಜೀವವೈವಿಧ್ಯ ಎಂದರೆ ಎರಡನೆಯದು.

ಕೃಷ್ಣೆಯ ಹಳೆಯ ನಿವಾಸಿ ಮೊಸಳೆ ಹಿನ್ನೀರಿನಲ್ಲೂ ಉಳಿದಿದೆ. ನೀರು ಏರಿದಾಗ ಹಳ್ಳಗಳ ಮೂಲಕ ಹೊಲಗಳತ್ತ ಬಂದು ಜನರ ಕಣ್ಣಿಗೆ ಬೀಳುವುದುಂಟು. ಬಿಸಿಲು ಕಾಯಿಸಲು, ಗುಳಿ ತೋಡಿ ಮೊಟ್ಟೆ ಇಡಲು ಅದಕ್ಕೂ ಬೇಕಾದದ್ದು ಇಳಿಜಾರಿನ ದಡವೇ. ಅದೇ ದಡಕ್ಕೆ ನಾವು ಮೋಟಾರು ಇಡಲು, ದನ ತೊಳೆಯಲು ಇಳಿಯುತ್ತೇವೆ. ಇಬ್ಬರ ದಾರಿಯೂ ಅಲ್ಲಿ ಅಡ್ಡಹಾಯುತ್ತದೆ.

ರೀವದ ಎಂಟು ವಾರ

ಮಾರ್ಚ್ ಹೊತ್ತಿಗೆ ಹೆಬ್ಬಾತುಗಳು ಉತ್ತರಕ್ಕೆ ಹೊರಡುತ್ತವೆ. ಹಿನ್ನೀರಿನ ಕತೆ ಅಲ್ಲಿಗೆ ಮುಗಿಯಿತೆಂದು ನೋಡುಗರೂ ಮನೆಗೆ ಮರಳುತ್ತಾರೆ. ನಿಜವಾದ ಸಂಕಟದ ಕತೆ ಆಗ ಶುರುವಾಗುತ್ತದೆ.

ನೀರು ಇಳಿದಂತೆ ನಡುನೀರಿನಲ್ಲಿ ದಿಬ್ಬಗಳು ತಲೆಯೆತ್ತಿ ನಡುಗಡ್ಡೆಗಳಾಗುತ್ತವೆ. ಹಳದಿ ಕೊಕ್ಕು, ಕಪ್ಪು ಟೋಪಿ, ಸೀಳುಬಾಲದ ಹೊಳೆರೀವ ಇಂಥ ಕಡೆ ಗುಂಪಾಗಿ ಮೊಟ್ಟೆ ಇಡುತ್ತದೆ. ಪ್ರಾಟಿಂಕೋಲ್ ಎಂಬ, ಕವಲುತೋಕೆಯಂತೆ ಗಾಳಿಯಲ್ಲಿ ಕೀಟ ಹಿಡಿಯುವ ಸಣ್ಣ ಹಕ್ಕಿಯದೂ ಇದೇ ಪದ್ಧತಿ. ಗೂಡು ಎಂದರೆ ಬರಿನೆಲದಲ್ಲಿ ಒಂದು ತಗ್ಗು. ಕಡ್ಡಿಯಿಲ್ಲ, ನೆರಳಿಲ್ಲ. ಮಚ್ಚೆಗಳಿರುವ ಎರಡು ಮೂರು ಮೊಟ್ಟೆಗಳು ಮಣ್ಣಿನ ಬಣ್ಣದಲ್ಲಿ ಬೆರೆತುಹೋಗುತ್ತವೆ. ಬಾಗಲಕೋಟೆಯ ಏಪ್ರಿಲ್ ಬಿಸಿಲಿನಲ್ಲಿ ಮೊಟ್ಟೆಗೆ ಕಾವು ಕೊಡುವುದಕ್ಕಿಂತ ತಂಪು ಕೊಡುವುದೇ ದೊಡ್ಡ ಕೆಲಸ. ತಾಯಿತಂದೆ ಹೊಟ್ಟೆಯ ಗರಿಗಳನ್ನು ನೀರಿನಲ್ಲಿ ತೋಯಿಸಿಕೊಂಡು ಬಂದು ಮೊಟ್ಟೆಗಳ ಮೇಲೆ ಕೂರುತ್ತವೆ.

ಮೊಟ್ಟೆ ಒಡೆಯಲು ಸುಮಾರು 3 ವಾರ. ಮರಿ ಹಾರಲು ಇನ್ನೂ ಒಂದು ತಿಂಗಳು. ಒಟ್ಟು 7ರಿಂದ 8 ವಾರ ಆ ದಿಬ್ಬ ನಡುಗಡ್ಡೆಯಾಗಿಯೇ ಇರಬೇಕು. ಏಪ್ರಿಲ್ 1ರಂದು ಇಟ್ಟ ಮೊಟ್ಟೆಯ ಮರಿ ಮೇ ಕೊನೆಗೆ ಹಾರುತ್ತದೆ. ಮೊದಲ ಗೂಡು ಹಾಳಾಗಿ ಮೇ 1ಕ್ಕೆ ಮತ್ತೆ ಮೊಟ್ಟೆ ಇಟ್ಟರೆ ಮರಿ ಹಾರುವುದು ಜೂನ್ ಕೊನೆಗೆ. ಅಷ್ಟರಲ್ಲಿ ಹೊಳೆಗೆ ಹೊಸ ನೀರು ಬರುವ ಕಾಲ. ಮುಂಗಾರು ಕೇರಳ ಮುಟ್ಟುವ ವಾಡಿಕೆಯ ದಿನ ಜೂನ್ 1. 2025ರಲ್ಲಿ ಅದು ಮೇ 24ಕ್ಕೇ ಬಂತು. ಒಂದು ವಾರದ ಈ ವ್ಯತ್ಯಾಸ ನಮಗೆ ಬಿತ್ತನೆಯ ಲೆಕ್ಕ. ಹಾರಲು ಒಂದು ವಾರ ಬಾಕಿ ಇರುವ ಮರಿಗೆ ಅದು ಉಳಿವಿನ ಲೆಕ್ಕ.

ನೀರು ಬೇಗ ಏರಿದರೆ ಗೂಡು ಮುಳುಗುತ್ತದೆ. ಬೇಗ ಇಳಿದರೂ ಅಪಾಯವೇ. ನಡುಗಡ್ಡೆ ದಡಕ್ಕೆ ಅಂಟಿಕೊಂಡು ನಾಯಿ, ನರಿಗಳಿಗೆ ದಾರಿಯಾಗುತ್ತದೆ. ದನಗಳ ಗೊರಸು, ಟ್ರ್ಯಾಕ್ಟರ್ ಗಾಲಿ, ಚಿತ್ರ ತೆಗೆಯಲು ತೀರ ಹತ್ತಿರ ಹೋಗುವ ನಮ್ಮಂಥವರ ಕಾಲು, ಇವೆಲ್ಲವೂ ಅಲ್ಲಿಗೆ ತಲುಪುತ್ತವೆ. ಹಕ್ಕಿಯನ್ನು ಎಬ್ಬಿಸಿ ಹತ್ತು ನಿಮಿಷ ಗೂಡಿನಿಂದ ದೂರ ಇಟ್ಟರೂ ಸಾಕು, ಬರಿ ಬಿಸಿಲೇ ಮೊಟ್ಟೆಯನ್ನು ಕೆಡಿಸಬಲ್ಲದು. ಹಿಂದೆ ಕೃಷ್ಣೆ, ಘಟಪ್ರಭೆಗಳ ಬೇಸಿಗೆಯ ಮರಳುದಿಬ್ಬಗಳು ಈ ಹಕ್ಕಿಗೆ ಗೂಡಿನ ನೆಲವಾಗಬಲ್ಲ ಜಾಗಗಳಾಗಿದ್ದವು. ಕೆಲವು ಹಿನ್ನೀರಿನಡಿ ಹೋದವು, ಕೆಲವು ಮರಳಿನ ಲಾರಿ ಏರಿದವು. ಹೊಳೆರೀವವನ್ನು ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟ ಇಂದು ಅಪಾಯಕ್ಕೀಡಾಗಬಲ್ಲ ಜಾತಿಗಳ ಪಟ್ಟಿಯಲ್ಲಿ ಸೇರಿಸಿದೆ. ಹಿಮಾಲಯ ದಾಟಿ ಬರುವ ಹೆಬ್ಬಾತಿಗೆ ಆ ಸ್ಥಿತಿ ಬಂದಿಲ್ಲ. ಸದಾ ನಮ್ಮಲ್ಲೇ ಇರುವ ಹಕ್ಕಿ ನಮ್ಮ ಗಮನಕ್ಕೆ ಬರುವುದು ತಡ.

ಚಲಿಸುವ ಅಂಚಿಗೆ ಗಡಿ ಎಲ್ಲಿ?

ಬೀಳಗಿ, ಮುಧೋಳ ತಾಲ್ಲೂಕುಗಳ ಯಡಹಳ್ಳಿ ಮಡ್ಡಿಗುಡ್ಡಗಳ ಚಿಂಕಾರಗಳಿಗಾಗಿ 2016ರಲ್ಲಿ ವನ್ಯಧಾಮ ಘೋಷಣೆಯಾಯಿತು. ಗುಡ್ಡ ನಿಂತಲ್ಲೇ ಇರುತ್ತದೆ, ನಕ್ಷೆಯಲ್ಲಿ ಗೆರೆ ಎಳೆಯಬಹುದು. ಹಿನ್ನೀರಿನ ಅಂಚು ಆಗಸ್ಟ್‌ನಲ್ಲಿ ಇದ್ದಲ್ಲಿ ಏಪ್ರಿಲ್‌ನಲ್ಲಿ ಇರುವುದಿಲ್ಲ. ನೀರು ಇಳಿದ ಜಮೀನಿನಲ್ಲಿ ರೈತರು ಬೆಳೆ ತೆಗೆಯುತ್ತಾರೆ. ಅದು ಎಷ್ಟೋ ಮನೆಗಳಿಗೆ ಆಸರೆ. ಅಲ್ಲಿ ಹೊಡೆದ ಕೀಟನಾಶಕ, ಹಾಕಿದ ಗೊಬ್ಬರಗಳ ಉಳಿಕೆ ಮುಂದಿನ ಜುಲೈನಲ್ಲಿ ನೇರವಾಗಿ ಜಲಾಶಯಕ್ಕೆ ಸೇರುತ್ತದೆ. ಅದೇ ನೀರು ನಲ್ಲಿಗೂ ಬರುತ್ತದೆ.

ಕಾನೂನಿನ ನೋಟವೂ ಇಲ್ಲಿ ವಿಚಿತ್ರವಾಗಿದೆ. 1971ರ ರಾಮ್ಸರ್ ಒಡಂಬಡಿಕೆ ಮಾನವನಿರ್ಮಿತ ಜಲನೆಲೆಗಳನ್ನೂ ಜೌಗುಭೂಮಿ ಎಂದು ಒಪ್ಪುತ್ತದೆ. ನೀರಾವರಿಗೆ ಕಟ್ಟಿದ ಮಾಗಡಿ ಕೆರೆ 2024ರಲ್ಲಿ ಆ ಪಟ್ಟಿ ಸೇರಿತು. ಆದರೆ ನಮ್ಮ ದೇಶದ 2017ರ ಜೌಗುಭೂಮಿ ನಿಯಮಗಳು ಕುಡಿಯುವ ನೀರಿಗೆ ಮತ್ತು ನೀರಾವರಿಗೆಂದೇ ನಿರ್ಮಿಸಿದ ಜಲಕಾಯಗಳನ್ನು ತಮ್ಮ ವ್ಯಾಖ್ಯೆಯಿಂದ ಹೊರಗಿಟ್ಟಿವೆ. ಹಕ್ಕಿಗೆ ವನ್ಯಜೀವಿ ಕಾನೂನಿನ ರಕ್ಷಣೆಯುಂಟು. ಅದು ನಿಂತು ಉಣ್ಣುವ ಕೆಸರಿಗೆ ಆ ನಿಯಮಗಳಲ್ಲಿ ಸ್ಥಾನವಿಲ್ಲ.

ಇದಕ್ಕೆ ಇನ್ನೊಂದು ಪ್ರಶ್ನೆ ಸೇರಿದೆ. 2000ದಲ್ಲಿ ಸುಪ್ರೀಂ ಕೋರ್ಟ್ ಜಲಾಶಯದ ಮಟ್ಟವನ್ನು 519.60 ಮೀಟರ್‌ಗೆ ಮಿತಿಗೊಳಿಸಿತು. 2010ರಲ್ಲಿ ನ್ಯಾಯಮೂರ್ತಿ ಬ್ರಿಜೇಶ್ ಕುಮಾರ್ ನೇತೃತ್ವದ ನ್ಯಾಯಮಂಡಳಿ 524.256 ಮೀಟರ್‌ಗೆ ಏರಿಸಲು ಅವಕಾಶ ಕೊಟ್ಟಿತು. ವ್ಯತ್ಯಾಸ 4.656 ಮೀಟರ್. ನಮ್ಮ 200ಕ್ಕೆ 1ರ ಇಳಿಜಾರಿನ ಲೆಕ್ಕ ಹಾಕಿದರೆ ತುಂಬಿದ ನೀರಿನ ಅಂಚು 931 ಮೀಟರ್ ಮುಂದೆ ಹೋಗುತ್ತದೆ. ಒಣಬೇಸಾಯದ ಜಿಲ್ಲೆಗಳಿಗೆ ಆ ನೀರಿನ ಅಗತ್ಯವಿದೆ. ಮತ್ತೆ ನೆಲ ಕಳೆದುಕೊಳ್ಳುವವರ ನೋವೂ ಇದೆ. ಹಕ್ಕಿಗಳ ಮಟ್ಟಿಗೆ ಹೇಳುವುದಾದರೆ ಎತ್ತರದಷ್ಟೇ ಮುಖ್ಯವಾದದ್ದು ಇಳಿಕೆಯ ವೇಗ ಮತ್ತು ಕಾಲ. ನೀರು ಎಷ್ಟು ಎತ್ತರದಲ್ಲಿ ಎಷ್ಟು ದಿನ ನಿಲ್ಲುತ್ತದೆ, ಯಾವ ತಿಂಗಳು ಎಷ್ಟು ಇಳಿಯುತ್ತದೆ, ಹೊಸ ಅಂಚು ಸಪಾಟಾದ ಎರೆಯೋ ಕಡಿದಾದ ಗುಡ್ಡವೋ ಎಂಬುದರ ಮೇಲೆ ಕೆಸರುಬಯಲಿನ ವಿಸ್ತಾರ ನಿಲ್ಲುತ್ತದೆ. ಕಾಲುವೆಗೆ ನೀರು ಬಿಡುವ ವೇಳಾಪಟ್ಟಿ ಹಾಕುವಾಗ ಏಪ್ರಿಲ್–ಮೇ ತಿಂಗಳ ನಡುಗಡ್ಡೆಗಳನ್ನೂ ಒಂದು ಅಂಶವಾಗಿ ನೋಡುವುದು ಅಸಾಧ್ಯದ ಕೆಲಸವಲ್ಲ. ಮೊದಲು ಅವು ಎಲ್ಲಿವೆ, ಎಷ್ಟು ಗೂಡುಗಳಿವೆ ಎಂಬ ದಾಖಲೆ ಬೇಕು.

ನೀವೂ ಎಣಿಸಬಹುದು

ದಾಖಲೆ ಮಾಡಲು ದೊಡ್ಡ ಉಪಕರಣಗಳು ಬೇಕಿಲ್ಲ. 1987ರಿಂದ ಪ್ರತಿ ಜನವರಿಯಲ್ಲಿ ಏಷ್ಯಾದ ನೀರುಹಕ್ಕಿಗಳ ಗಣತಿ ನಡೆಯುತ್ತಿದೆ. ಅದರಲ್ಲಿ ಭಾಗವಹಿಸುವವರು ಬಹುಪಾಲು ಹವ್ಯಾಸಿಗಳು. ಹಿನ್ನೀರಿನ ಸುತ್ತಲಿನ ಯಾವುದೇ ಶಾಲೆಯ ವಿಜ್ಞಾನ ಸಂಘ ಈ ಕೆಲಸವನ್ನು ವರ್ಷವಿಡೀ ಮಾಡಬಹುದು.

ಒಂದೇ ಜಾಗ ಆರಿಸಿ. ತಿಂಗಳಿಗೊಮ್ಮೆ, ಅದೇ ಹೊತ್ತಿಗೆ, ಅರ್ಧ ಗಂಟೆ ನಿಂತು ಎಣಿಸಿ. ಹೆಸರು ತಿಳಿಯದ ಹಕ್ಕಿಯ ಕಾಲು, ಕೊಕ್ಕು, ನಿಂತ ನೀರಿನ ಆಳ ಬರೆದುಕೊಳ್ಳಿ. ದಡದಲ್ಲಿ ಒಂದು ಕಲ್ಲು ಅಥವಾ ಕಂಬವನ್ನು ಗುರುತು ಮಾಡಿಕೊಂಡು ಅಲ್ಲಿಂದ ನೀರಿನ ಅಂಚಿಗೆ ಎಷ್ಟು ಹೆಜ್ಜೆ ಎಂದು ನಮೂದಿಸಿ. ಆ ದಿನ ಜಲಾಶಯದ ಮಟ್ಟ ಎಷ್ಟಿತ್ತೆಂಬುದು ಪತ್ರಿಕೆಯಲ್ಲಿ ಸಿಗುತ್ತದೆ. ಹೀಗೆ ಎರಡು ಅಂಕಿಗಳನ್ನು ಜೋಡಿಸಿದರೆ ನಿಮ್ಮ ಊರಿನ ದಡದ ಇಳಿಜಾರು ನಿಮಗೇ ತಿಳಿಯುತ್ತದೆ. ಮಾರ್ಚ್‌ನಿಂದ ಜೂನ್‌ವರೆಗೆ ನಡುಗಡ್ಡೆಗಳ ಹತ್ತಿರ ಹೋಗಬೇಡಿ, ದಡದಿಂದಲೇ ನೋಡಿ. ದಿಬ್ಬ ಯಾವ ದಿನ ಕಾಣಿಸಿಕೊಂಡಿತು, ಯಾವ ದಿನ ದಡಕ್ಕೆ ಅಂಟಿತು, ಯಾವ ದಿನ ಮುಳುಗಿತು ಎಂಬ ಮೂರು ದಿನಾಂಕಗಳು ಸಾಕು. ನಡುವಿನ ಅವಧಿ 56 ದಿನಗಳಿಗಿಂತ ಹೆಚ್ಚಿದ್ದರೆ ಆ ವರ್ಷ ರೀವದ ಮರಿಗಳಿಗೆ ಹಾರುವಷ್ಟು ಕಾಲ ಸಿಕ್ಕಿತೆಂದು ತಿಳಿಯಬಹುದು.

ಐದು ವರ್ಷ ಬರೆದಿಟ್ಟ ಇಂಥ ಒಂದು ನೋಟ್‌ಬುಕ್ಕಿಗೆ, ನೀರಿನ ಮಟ್ಟದ ಬಗ್ಗೆ ನಿರ್ಧಾರ ಮಾಡುವ ದಿನ ಬಂದಾಗ, ಬೆಲೆ ಇರುತ್ತದೆ.